ಲೇತಿಗೆ ಅಭ್ಯಂಜನ

ಸೆಪ್ಟೆಂಬರ್ 14

ಅಹಲ್ಯಕ್ಕ, ಇದನ್ನು ನಿನಗೆ ಕಳಿಸುವುದಿಲ್ಲ. ಕಳಿಸಿದರೆ ಸಂಜೆಯೊಳಗೆ ತಿಪಟೂರಿನಿಂದ ತುಮಕೂರಿನವರೆಗೆ ಎಲ್ಲರ ಫೋನಿಗೂ ಹೋಗಿರುತ್ತದೆ. ಆಮೇಲೆ ಒಬ್ಬೊಬ್ಬರಾಗಿ ಫೋನು ಮಾಡಿ "ಭಾವನಿಗೆ ಏನಾಯ್ತಂತೆ?" ಅಂತ ಶುರು ಮಾಡುತ್ತಾರೆ. ಆದರೆ ಇಷ್ಟು ವರ್ಷ ನಿನಗೆ ಕಾಗದ ಬರೆದು ಬರೆದು, ಮೇಲೆ ನಿನ್ನ ಹೆಸರು ಹಾಕದಿದ್ದರೆ ನನಗೆ ಒಂದು ಸಾಲೂ ಬರುವುದಿಲ್ಲ. ಹೆಸರು ನಿನ್ನದಿರಲಿ, ಓದುವವಳು ನಾನೇ.

ಇವತ್ತು ನಮ್ಮನೆಗೆ ಒಂದು ಕಬ್ಬಿಣದ ಎಮ್ಮೆ ಬಂತು. ಲೇತ್ ಅಂತೆ. ಹಿತ್ತಾಳೆಯನ್ನೋ ಕಬ್ಬಿಣವನ್ನೋ ಗರಗರ ತಿರುಗಿಸಿ, ಪಕ್ಕದಿಂದ ಉಳಿ ಒತ್ತಿ, ಬೇಕಾದ ಆಕಾರಕ್ಕೆ ಕಡೆಯುವ ಯಂತ್ರ. ಮುನಿರ್ಕಾದಲ್ಲಿದ್ದ ಪ್ರೊಫೆಸರ್ ಗುರುರಾಜ ನಿವೃತ್ತರಾಗಿ ಮೈಸೂರಿಗೆ ಹೊರಟರಲ್ಲ, ಅವರ ಪುಸ್ತಕ ವಿದ್ಯಾರ್ಥಿಗಳಿಗೆ ಹೋಯಿತು, ಫ್ರಿಜ್ಜು ಮನೆ ಮಾಲೀಕನಿಗೆ ಹೋಯಿತು, ಈ ಎಮ್ಮೆ ನಮಗೆ ಬಂತು. ಟೆಂಪೋದಲ್ಲಿ ಯಮುನೆ ದಾಟಿ ಇಂದಿರಾಪುರಂಗೆ. ಹೊತ್ತವರು ಲಿಫ್ಟಿನಲ್ಲಿಟ್ಟಾಗ ಲಿಫ್ಟು ಒಂದು ಸಲ ನರಳಿತು. ಗಾರ್ಡ್ ಬಂದು, "ಆಂಟೀಜೀ, ತೋಪು ತರಿಸಿದ್ದೀರಾ?" ಅಂತ ಹಿಂದಿಯಲ್ಲಿ ಕೇಳಿದ. "ಹೂಂ ಭಯ್ಯಾ, ಮೊದಲ ಗುಂಡು ಅಂಕಲ್‌ಗೆ" ಅಂದೆ.

ನಮ್ಮನೆಯವರು ನನ್ನನ್ನು ಒಂದು ಮಾತು ಕೇಳಲಿಲ್ಲ. ಹಿಂದಿನ ಬಾಲ್ಕನಿಗೆ ಗಾಜು ಹಾಕಿಸಿ ನನ್ನ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದೆ. ಈಗ ಅಲ್ಲಿ ಎಮ್ಮೆ. ಮಿಷನ್ ಮಂಚದ ಪಕ್ಕಕ್ಕೆ ಬಂದಿದೆ, ಎದ್ದಾಗಲೆಲ್ಲ ಮೊಣಕಾಲಿಗೆ ಬಡಿಯುತ್ತದೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹಿಂದಿ ಕಲಿತದ್ದು ತರಕಾರಿಯವರ ಹತ್ತಿರ ಜಗಳ ಆಡಿ, ಹೊಲಿಗೆ ಕಲಿತದ್ದು ಹಳೇ ರವಿಕೆ ಬಿಚ್ಚಿ ನೋಡಿ. ನನ್ನದು ಅಂತ ಈ ಊರಲ್ಲಿದ್ದ ಒಂದೇ ಮೂಲೆ ಅದು.

ಸೆಪ್ಟೆಂಬರ್ 16

ಮಾತಿಲ್ಲ. ಬೆಳಿಗ್ಗೆ ಉಪ್ಪಿಟ್ಟು ಮಾಡಿದೆ. ಅವರಿಗೆ ಉಪ್ಪಿಟ್ಟು ಕಂಡರಾಗದು. ಇನ್ನೊಂದು ಸಲ ಹಾಕಿಸಿಕೊಂಡು ತಿಂದರು.

ಸೆಪ್ಟೆಂಬರ್ 21

ಬರೆಯಲೋ ಬೇಡವೋ ಅಂದುಕೊಂಡೇ ಬರೆಯುತ್ತಿದ್ದೇನೆ. ಇವರ ಬಲಗೈ ನಡುಗುತ್ತದೆ ಅಕ್ಕ. ಸುಮ್ಮನೆ ಕೂತಾಗ ಇಲ್ಲ. ಲೋಟ ಎತ್ತಿದಾಗ, ಸಹಿ ಹಾಕುವಾಗ, ಗುಂಡಿ ಹಾಕಿಕೊಳ್ಳುವಾಗ. ಅವರು ನನಗೆ ಹೇಳಿಲ್ಲ, ನಾನು ಕೇಳಿಲ್ಲ. ಕಾಫಿ ಮುಕ್ಕಾಲು ಲೋಟ ಕೊಟ್ಟು "ಹಾಲು ಸಾಲದಾಯ್ತು" ಅನ್ನುತ್ತೇನೆ. ಅವರ ಅಂಗಿಗಳ ಕಾಜಾಗಳನ್ನೆಲ್ಲ ಒಂದು ಎಳೆಯಷ್ಟು ದೊಡ್ಡದು ಮಾಡಿದ್ದೇನೆ. "ಈ ಅಂಗಿ ಹಳೇದಾಯ್ತು ಕಣೇ, ಗುಂಡಿ ಸಲೀಸಾಗಿ ಕೂರುತ್ತೆ" ಅನ್ನುತ್ತಾರೆ. ಅವರ ಅಪ್ಪನಿಗೂ ಹೀಗೇ ಇತ್ತು. ಕೊನೆಗೆ ಊಟಾನೂ ಇನ್ನೊಬ್ಬರೇ ಮಾಡಿಸಬೇಕಾಗಿತ್ತು. ಅದನ್ನು ಇವರು ಮರೆತಿಲ್ಲ.

ಪಾರ್ಕಿನ ಚೆಸ್ ಗುಂಪಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಕೇಳಿದರೆ "ಸೊಳ್ಳೆ" ಅಂದರು. ಕೆಳಗಿನ ಮನೆ ಮಿಸೆಸ್ ಭಾಟಿಯಾ ಬೇರೆ ಹೇಳಿದಳು. ಒಂದು ಕಾಯಿ ಎತ್ತಲು ಹೋಗಿ ಪಕ್ಕದ ನಾಲ್ಕು ಬೀಳಿಸಿದರಂತೆ. ಅವಳ ಗಂಡ, "ಅಂಕಲ್ ನೇ ತೋ ಪೂರೀ ಫೌಜ್ ಗಿರಾ ದೀ", ಇಡೀ ಸೈನ್ಯವನ್ನೇ ಉರುಳಿಸಿದರು, ಅಂದನಂತೆ, ಎಲ್ಲ ನಕ್ಕರಂತೆ. ಇವರೂ ನಕ್ಕರಂತೆ. ಮಾರನೇ ದಿನದಿಂದ ಸೊಳ್ಳೆ.

ಇವತ್ತು ಕೋಪ ಬಿಟ್ಟು, "ಏನು ಮಾಡ್ತೀರ ಇದರಲ್ಲಿ?" ಅಂತ ಕೇಳಿದೆ.

"ಚೆಸ್ ಕಾಯಿ. ಹಿತ್ತಾಳೇದು. ಅಡಿ ಭಾರ ಇರಬೇಕು. ಮರದ್ದು ಗಾಳಿಗೆ ಬೀಳುತ್ತೆ."

ಗಾಳಿಗಂತೆ.

ಆಮೇಲೆ ಉತ್ಸಾಹ ಬಂದು ತೋರಿಸಿದರು. "ನೋಡು, ಉಳಿ ಇಲ್ಲಿ ನನ್ನ ಕೈಯಲ್ಲಿಲ್ಲ. ಕಬ್ಬಿಣದ ಹಿಡಿತದಲ್ಲಿ ಕೂತಿದೆ. ನಾನು ತಿರುಗಿಸೋದು ಈ ಹ್ಯಾಂಡಲ್ ಮಾತ್ರ. ಒಂದು ಸುತ್ತು ತಿರುಗಿಸಿದ್ರೆ ಉಳಿ ಅಕ್ಕಿಕಾಳಿನ ಅಗಲ ಸರಿಯುತ್ತೆ, ಅದೂ ನೆಟ್ಟಗೆ. ಕೈ ಹೇಗೇ ಇರಲಿ…"

ಅಷ್ಟಕ್ಕೇ ನಿಲ್ಲಿಸಿ ಕನ್ನಡಕ ಒರೆಸತೊಡಗಿದರು. ನಾನು ಒಲೆ ಮೇಲೆ ಏನೋ ಇದೆ ಅಂತ ಒಳಗೆ ಬಂದೆ. ಒಲೆ ಮೇಲೆ ಏನೂ ಇರಲಿಲ್ಲ.

ಅಕ್ಟೋಬರ್ 1

ಆಯುಧಪೂಜೆ. ಕಾರಿನ ಕೀ, ಮಿಕ್ಸಿ, ಹೊಲಿಗೆ ಮಿಷನ್, ಕತ್ತರಿಗಳ ಜೊತೆ ಎಮ್ಮೆಗೂ ಹೂವು. "ಒದ್ದೆ ಅರಿಶಿನ ಹಚ್ಚಬೇಡ, ತುಕ್ಕು ಹಿಡಿಯುತ್ತೆ!" ಅಂತ ಇವರು ಹಿಂದೆಯೇ ನಿಂತಿದ್ದರು. ಆರತಿ ಎತ್ತುವಾಗ ಮಾತ್ರ ಅವರೇ ಗಂಟೆ ಬಾರಿಸಿದರು.

ಧಾರಿಣಿ ಗ್ರೇಟರ್ ನೋಯ್ಡಾದಿಂದ ಬಂದಿದ್ದಳು. ಅಲ್ಲಿಯ ಕಾಲೇಜಿನಲ್ಲಿ ಪಾಠ ಹೇಳಿ ಹೇಳಿ ಅಪ್ಪ ಅಮ್ಮನಿಗೂ ಪಾಠ ಹೇಳುವುದು ಅವಳಿಗೆ ಅಭ್ಯಾಸ.

"ಅಪ್ಪಾ, ಯೇ ಕ್ಯಾ ಹೈ? ಇದು ಹಾಬಿನಾ? ಜನ ಈ ವಯಸ್ಸಿಗೆ ಗಿಡ ಬೆಳೆಸ್ತಾರೆ! ಅಂಗಿ ತೋಳು ಸಿಕ್ಕಿಕೊಂಡ್ರೆ ಕೈಯೇ ಹೋಗುತ್ತೆ."

"ಗಿಡ ನಿಮ್ಮಮ್ಮ ಬೆಳೆಸ್ತಾಳೆ. ನಾನು ಎಮ್ಮೆ ಸಾಕ್ತೀನಿ." ನಾನಿಟ್ಟ ಹೆಸರು ಅವರಿಗೆ ಹೇಗೆ ಗೊತ್ತಾಯಿತೋ.

ಅಡುಗೆಮನೆಗೆ ಬಂದು ಮೆಲ್ಲಗೆ ಕೇಳಿದಳು. "ಅಮ್ಮಾ, ಅಪ್ಪನ ಕೈ ಸರಿ ಇದೆ ತಾನೆ? ಊಟ ಮಾಡುವಾಗ ಏನೋ ಅನ್ನಿಸ್ತು."

"ಚೆನ್ನಾಗಿದೆ. ಯಾಕೆ?" ಅಂದೆ. ಎಷ್ಟು ಸಲೀಸಾಗಿ ಬಂತು ನೋಡು.

ಅಕ್ಟೋಬರ್ 9

ವೈಶಾಲಿಯಲ್ಲಿ ಮೆಟ್ರೋ ಹತ್ತಿ ಚಾವ್ಡಿ ಬಜಾರಿಗೆ ಹೋದೆವು, ಹಿತ್ತಾಳೆ ಸರಳು, ಉಳಿ ತರಲು. ಲೇತ್ ತಂದರೆ ಮುಗಿಯಲಿಲ್ಲ ಅಕ್ಕ, ಅದು ಸೊಸೆ ತಂದ ಹಾಗೆ. ಆಮೇಲೆ ಅದಕ್ಕೆ ಬೇಕಾದ್ದನ್ನು ತಂದು ಹಾಕುತ್ತಲೇ ಇರಬೇಕು.

ಅಂಗಡಿಯ ಸರ್ದಾರ್ಜಿ, "ಅಂಕಲ್‌ಜೀ, ಫ್ಯಾಕ್ಟರಿ ಎಲ್ಲಿ?" ಅಂದ.

"ಬಾಲ್ಕನಿ ಮೇ."

"ಲೇಬರ್?"

ಇವರು ನನ್ನ ಕಡೆ ತೋರಿಸಿದರು. ಸರ್ದಾರ್ಜಿ ಎದ್ದು ನಿಂತು ನನಗೆ ಕೈ ಮುಗಿದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಸರಳುಗಳ ಚೀಲ ಮಾತ್ರ ಕೊನೆಗೆ ಲೇಬರ್ ಹೊತ್ತಳು.

ಅಕ್ಟೋಬರ್ 13

ಹೊಸ ಉಳಿ ಅಂದರೆ ಬರೀ ಚೌಕದ ಉಕ್ಕಿನ ತುಂಡು. ಅದಕ್ಕೆ ಮೊನೆ ನಾವೇ ಕೊಡಬೇಕು, ತಿರುಗುವ ಸಾಣೆಕಲ್ಲಿಗೆ ಹಿಡಿದು. ಲೇತಿನ ಹಾಗೆ ಇಲ್ಲಿ ಹಿಡಿತವಿಲ್ಲ, ಹ್ಯಾಂಡಲ್ಲಿಲ್ಲ. ಬರೀ ಕೈ.

ಬೆಳಿಗ್ಗೆಯಿಂದ ಕಿಡಿ ಹಾರುವುದು, ನಿಲ್ಲುವುದು. ಹೋಗಿ ನೋಡಿದರೆ ಉಳಿಯ ತುದಿ ಇಲಿ ಕಡಿದ ಚಕ್ಕುಲಿಯ ಹಾಗಿದೆ. ಇನ್ನೊಂದನ್ನೂ ಹಾಳು ಮಾಡಿ ಬುಟ್ಟಿಗೆ ಹಾಕಿದ್ದರು. ಕೈಯನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದರು, ಚಳಿಯಾದವರ ಹಾಗೆ. ಸೆಕೆಯಿತ್ತು.

"ನಿಮ್ಮ ಕನ್ನಡಕದ ನಂಬರ್ ಬದಲಾಗಿದೆ. ಕೊಡಿ ಇಲ್ಲಿ," ಅಂದೆ.

"ನಿನಗೆ ಬರುತ್ತೇನೆ?"

"ನಲವತ್ತು ವರ್ಷ ಈಳಿಗೆ ಕತ್ತರಿ ಮಸೆದದ್ದು ಯಾರು, ನಿಮ್ಮ ಆಫೀಸಿನ ಜವಾನನಾ?"

ಪಕ್ಕದಲ್ಲಿ ನಿಂತು ಹೇಳಿಕೊಟ್ಟರು, ಎಷ್ಟು ಓರೆ, ಎಲ್ಲಿ ನೀರಿಗೆ ಅದ್ದಬೇಕು. ಕತ್ತರಿಗಿಂತ ಕಷ್ಟವೇನಲ್ಲ, ಒತ್ತಬಾರದು ಅಷ್ಟೆ. ಉಳಿ ಕೂರಿಸಿ ಹ್ಯಾಂಡಲ್ ತಿರುಗಿಸಿದರು. ಹಿತ್ತಾಳೆಯ ಚೂರು ಚಿನ್ನದ ಹೊಟ್ಟಿನ ಹಾಗೆ ಹಾರಿತು. ಸಂಜೆಗೆ ಒಂದು ಕಾಲಾಳು. ಹೆಬ್ಬೆಟ್ಟಿನಷ್ಟು ಎತ್ತರ, ಅಂಗೈಗೆ ಒಳ್ಳೇ ಭಾರ. ಮೇಜಿನ ಮೇಲಿಟ್ಟು ಮೇಜು ಅಲ್ಲಾಡಿಸಿದರು. ನಿಂತಿತು. ಬೇಕೆಂದೇ ಕೈ ತಾಗಿಸಿದರು. ಆಗಲೂ ನಿಂತಿತು.

ಅಕ್ಟೋಬರ್ 20

ನರಕ ಚತುರ್ದಶಿ. ಇಲ್ಲಿಯವರಿಗೆ ಇದು ಪಟಾಕಿ, ಇಸ್ಪೀಟಿನ ಹಬ್ಬ. ನಮಗೆ ಎಣ್ಣೆ ಶಾಸ್ತ್ರವಿಲ್ಲದೆ ಹಬ್ಬವುಂಟೇ? ನೀನು ಕಳಿಸಿದ ತಿಪಟೂರಿನ ಗಾಣದ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಇವರ ನೆತ್ತಿಗೆ ತಟ್ಟಿದೆ. ಉಳಿದದ್ದು ಬಟ್ಟಲಲ್ಲಿತ್ತು. ಲೇತಿನ ಎಣ್ಣೆ ಡಬ್ಬಿ ಖಾಲಿಯಾಗಿತ್ತು. ಅದಕ್ಕೆ ಎಣ್ಣೆ ಹಾಕುವುದು ಹೇಗೂ ಈಗ ನನ್ನ ಕೆಲಸ, ಅಂಗಡಿಯ ಎಣ್ಣೆಯೋ ನಾತ. ನಮ್ಮಮ್ಮ ಹೊಲಿಗೆ ಮಿಷನ್ನಿಗೂ ಕೊಬ್ಬರಿ ಎಣ್ಣೆಯನ್ನೇ ಬಿಡುತ್ತಿದ್ದಳಲ್ಲ. ಮನೆಯವರೆಲ್ಲ ಎಣ್ಣೆ ಹಚ್ಚಿಕೊಂಡ ದಿನ ಅದೊಂದು ಯಾಕೆ ಒಣಗಿಕೊಂಡಿರಬೇಕು? ಡಬ್ಬಿ ತುಂಬಿ, ಜಾರುವಲ್ಲಿ ತಿರುಗುವಲ್ಲೆಲ್ಲ ಧಾರಾಳವಾಗಿ ಬಿಟ್ಟೆ.

ಸಂಜೆ ಹ್ಯಾಂಡಲ್ ತಿರುಗಿಸಿ, "ಆಹಾ, ಬೆಣ್ಣೆ ಹಾಗೆ ಹೋಗ್ತಿದೆ!" ಅಂದರು. ಈ ಹೊಗೆಯಲ್ಲಿ ಅವರ ಮೂಗು ಕಟ್ಟಿದೆ, ವಾಸನೆ ಗೊತ್ತಾಗುವುದಿಲ್ಲ. ನಾನೂ ಹೇಳಲಿಲ್ಲ. ಹೇಳಿದರೆ ಎಣ್ಣೆಯ ಮೇಲೂ ಒಂದು ಪಾಠ ಮಾಡುತ್ತಾರೆ.

ನವೆಂಬರ್ 8

ಊರೆಲ್ಲ ಹೊಗೆ ಮುಸುಕಿ ಕಿಟಕಿ ತೆರೆಯುವ ಹಾಗಿಲ್ಲ, ಎದುರಿನ ಟವರ್ ಕಾಣುವುದಿಲ್ಲ. ಹೊರಗೆ ಹೋಗಲಾಗದ್ದೇ ಲೇತಿಗೆ ಒಳ್ಳೆಯದಾಯಿತು. ಎಂಟು ಕಾಲಾಳು, ಎರಡು ಆನೆ ಆದವು. ಒಂಟೆಯ ಕುತ್ತಿಗೆಯ ಹತ್ತಿರ ಇವರು ಅವಸರ ಮಾಡುತ್ತಾರೆ. ಸದ್ದು ಬದಲಾದರೆ ನನಗೆ ಅಡುಗೆಮನೆಯಿಂದಲೇ ಗೊತ್ತಾಗುತ್ತದೆ, "ರೀ, ಜಾಸ್ತಿ ಒತ್ತಿದ್ರಿ!" ಅಂತ ಕೂಗುತ್ತೇನೆ. ಹಿತ್ತಾಳೆಗೆ ಉಳಿಯ ಮೇಲ್ಮೈ ಚಪ್ಪಟೆಯಾಗಿರಬೇಕು, ಕಬ್ಬಿಣಕ್ಕೆ ಹಿಂದಕ್ಕೆ ಇಳಿಜಾರಿರಬೇಕು. ಇದನ್ನು ಅವರಿಗೆ ಇವತ್ತು ಇನ್ನೊಮ್ಮೆ ನೆನಪಿಸಬೇಕಾಯಿತು. ಕುದುರೆ ಮಾತ್ರ ಲೇತಿನಲ್ಲಿ ಆಗುವುದಿಲ್ಲವಂತೆ, ಅದರ ತಲೆ ಗುಂಡಗಿಲ್ಲ.

ಮಿಸೆಸ್ ಭಾಟಿಯಾ ಬಂದಿದ್ದಳು, ಮುಖ ಗಂಟು ಹಾಕಿಕೊಂಡು. "ಜೀ, ಮೇಲೆ ಹಗಲೆಲ್ಲ ಹಿಟ್ಟು ಬೀಸ್ತಿರೋರು ಯಾರು?" ಕರೆದು ತೋರಿಸಿದೆ. ಕಾಲಾಳನ್ನು ಎತ್ತಿ ನೋಡಿ, "ಇದರಿಂದ ನಮ್ಮವರ ತಲೆಗೆ ಹೊಡೆಯಬಹುದು" ಅಂದಳು. ಮಧ್ಯಾಹ್ನ ನಾಲ್ಕರವರೆಗೆ ನಡೆಸಿ, ಆಮೇಲೆ ಅವಳ ಸೀರಿಯಲ್ಲು, ಅಂತ ರಾಜಿ ಆಯಿತು.

ಡಿಸೆಂಬರ್ 3

ನಾಳೆ ತುಮಕೂರಿಗೆ, ಇವರ ಅಣ್ಣನ ಮೊಮ್ಮಗಳು ಹರಿಣಿಯ ಮದುವೆಗೆ. ಲೇತಿಗೆ ಇನ್ನೊಂದು ಸುತ್ತು ಎಣ್ಣೆ ಬಿಟ್ಟು, ಹಳೇ ಬೆಡ್‌ಶೀಟು ಹೊದಿಸಿದ್ದೇನೆ. ಒಂಟೆ ಅರ್ಧಕ್ಕೆ ನಿಂತಿದೆ. ಇವರು ಎರಡು ಕಾಲಾಳುಗಳನ್ನು ಬನಿಯನ್ನಿನಲ್ಲಿ ಸುತ್ತಿ ಸೂಟ್‌ಕೇಸಿಗೆ ಹಾಕಿಕೊಂಡರು, ಅಣ್ಣನಿಗೆ ತೋರಿಸಲು.

ಡಿಸೆಂಬರ್ 16

ಬಂದೆವು. ನೀನು ಅಲ್ಲೇ ಇದ್ದೆ, ಆದರೂ ಬರೆಯುತ್ತೇನೆ.

ಧಾರೆ ಹೊತ್ತಿಗೆ ಹಿರಿಯರು ಅಂತ ಇವರನ್ನು ಮುಂದೆ ಕರೆದರು. ಹಾಲಿನ ಗಿಂಡಿ ಕೈಗೆ ಕೊಟ್ಟರು. ನಾನು ಹೆಂಗಸರ ಕಡೆ ಸಿಕ್ಕಿಕೊಂಡಿದ್ದೆ, ಪಕ್ಕದಲ್ಲಿದ್ದಿದ್ದರೆ ನಾನೂ ಕೈ ಹಾಕಿ ಹಿಡಿಯುತ್ತಿದ್ದೆ. ಹಾಲು ಹುಡುಗಿಯ ಮಡಿಲಿಗೆ ಚೆಲ್ಲಿತು, ಅರ್ಧ ಪುರೋಹಿತರ ಪುಸ್ತಕದ ಮೇಲೆ. ಯಾರೋ ಹಿಂದಿನಿಂದ "ಅಜ್ಜನಿಗೆ ಸಾಕು, ಬೇರೆಯವರ ಕೈಗೆ ಕೊಡಿ" ಅಂದರು. ತಪ್ಪು ಮಾತೇನಲ್ಲ. ಇವರು ಗಿಂಡಿ ಕೊಟ್ಟು ಇಳಿದು ಹೋಗಿ ಹೊರಗೆ ಬೆಂಚಿನ ಮೇಲೆ ಕೂತರು. ಕಾಲಾಳುಗಳನ್ನು ಯಾರಿಗೂ ತೋರಿಸಲಿಲ್ಲ.

ರೈಲಿನಲ್ಲಿ ಬರೀ ಕಿಟಕಿ ನೋಡಿದರು. ಇಲ್ಲಿ ಇಳಿದರೆ ಹಲ್ಲು ಕಟಕಟಿಸುವ ಚಳಿ.

ಡಿಸೆಂಬರ್ 18

ಬೆಳಿಗ್ಗೆ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಬಾಲ್ಕನಿಗೆ ಹೋದರು. ಸದ್ಯ, ಹೋದರಲ್ಲ ಅಂದುಕೊಂಡೆ. ಸದ್ದು ಬರಲಿಲ್ಲ. ಬಾಗಿಲ ಸಂದಿಯಿಂದ ನೋಡಿದೆ. ಹ್ಯಾಂಡಲ್ ಹಿಡಿದು ತಿರುಗಿಸಲು ನೋಡುತ್ತಿದ್ದರು. ಆಗಲಿಲ್ಲ. ಎರಡೂ ಕೈ ಹಾಕಿದರು. ಆಗಲೂ ಇಲ್ಲ. ಆಮೇಲೆ ಬಲಗೈಯನ್ನು ಮಗುಚಿ ಮಗುಚಿ ನೋಡಿಕೊಂಡರು, ಬೇರೆ ಯಾರದೋ ಕೈ ನೋಡುವ ಹಾಗೆ. ಬೆಡ್‌ಶೀಟು ಹೊದಿಸಿ, ಅಂಚು ಸಿಕ್ಕಿಸಿ, ಲೈಟು ಆರಿಸಿ ಬಂದರು.

"ಇವತ್ತು ಬೇಡ. ಚಳಿ," ಅಂದರು.

ಕಸುವೂ ಹೋಯಿತು ಅಕ್ಕ. ನಡುಕವಿದ್ದರೂ ಶಕ್ತಿಯಿತ್ತು.

ಡಿಸೆಂಬರ್ 21

ಭಾನುವಾರ. ಧಾರಿಣಿ ಬಂದಳು. ಊಟದ ಮಧ್ಯೆ ಇವರೇ ಹೇಳಿದರು. "ಲೇತ್ ಬೇಕು ಅಂತ ನಿಮ್ಮ ಕಾಲೇಜಿನ ಒಬ್ಬರು ಕೇಳಿದ್ರು ಅಂದಿದ್ದೆಯಲ್ಲ. ಕೊಟ್ಟುಬಿಡು."

"ಕಾರ್ತಿಕೇಯ ಸರ್. ಸಚ್ಚೀ ಅಪ್ಪಾ? ಏನಾಯ್ತು?"

"ಏನಿಲ್ಲ. ಆಸೆ ತೀರ್ತು. ಅಮ್ಮನ ಹೊಲಿಗೆ ಮಿಷನ್ನಿಗೆ ಜಾಗ ಆಗುತ್ತೆ."

ಅವಳು ಅಲ್ಲೇ ಫೋನು ಮಾಡಿದಳು. ಮುಂದಿನ ಭಾನುವಾರ ಬಂದು ನೋಡುತ್ತಾರಂತೆ. ಧಾರಿಣಿಗೆ ಖುಷಿ. ನನಗೆ ಬೇಕಾಗಿದ್ದೂ ಇದೇ ಅಲ್ಲವೇ, ನನ್ನ ಮೂಲೆ ನನಗೆ. ರಾತ್ರಿ ಸಾರಿಗೆ ಉಪ್ಪು ಹಾಕುವುದು ಮರೆತೆ. ಇವರು ಹಾಗೇ ಉಂಡರು, ಗೊತ್ತೂ ಆಗಲಿಲ್ಲ.

ಡಿಸೆಂಬರ್ 24

ಮಂಜು. ಇವರು ಹಗಲೂ ಮಲಗಿದ್ದಾರೆ.

ಡಿಸೆಂಬರ್ 27

ಎಲ್ಲಿಂದ ಶುರು ಮಾಡಲಿ!

ಶನಿವಾರ ಅಂತ ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಹೋದೆ. ಬಾಟಲಿಯಲ್ಲಿ ಎಣ್ಣೆ ಸುಣ್ಣದ ಗಟ್ಟಿಯ ಹಾಗೆ ಕೂತಿತ್ತು. ಪ್ರತಿ ಚಳಿಗಾಲದ್ದೇ ಕಥೆ. ಚಮಚದ ಹಿಡಿ ತೂರಿಸಿ ಕೆದಕಿದೆ. ಚಮಚ ಸಿಕ್ಕಿಕೊಂಡಿತು. ಎಳೆದೆ, ಬರಲಿಲ್ಲ. ಎರಡು ಕೈ ಹಾಕಿ ಎಳೆದೆ.

ಎರಡು ಕೈ. ಬಾಟಲಿ ಹಿಡಿದುಕೊಂಡೇ ಬಾಲ್ಕನಿಗೆ ಓಡಿದೆ.

ಬೆಡ್‌ಶೀಟು ತೆಗೆದು ಹ್ಯಾಂಡಲ್ಲಿಗೆ ಕೈ ಹಾಕಿದೆ. ಮೈಭಾರವೆಲ್ಲ ಹಾಕಿದರೂ ಅಲ್ಲಾಡಲಿಲ್ಲ. ಬಗ್ಗಿ ನೋಡಿದರೆ ಜಾರುವ ಸಂದಿಗಳಲ್ಲೆಲ್ಲ ಬಿಳಿ ಮೇಣ, ಅದರೊಳಗೆ ಹಿತ್ತಾಳೆ ಪುಡಿ, ಕೊಬ್ಬರಿ ಮಿಠಾಯಿಗೆ ಕೇಸರಿ ಉದುರಿಸಿದ ಹಾಗೆ. ನನ್ನ ಕೆಲಸ. ಮದುವೆಮನೆಯ ಮಾತನ್ನು ಹೊತ್ತು ತಂದಿದ್ದರಲ್ಲ, ಅದಕ್ಕೇ ಇವರು ಯಂತ್ರವನ್ನು ಸಂಶಯಿಸಲೇ ಇಲ್ಲ, ಕೈಯನ್ನೇ ಸಂಶಯಿಸಿದರು. ನಾನೂ ಅಷ್ಟೆ.

ಮೊದಲು ಹೊಳೆದದ್ದು, ಸದ್ದಿಲ್ಲದೆ ಒರೆಸಿ ಇಟ್ಟುಬಿಡೋಣ ಅಂತ. ಕಾಜಾ ದೊಡ್ಡದು ಮಾಡಿದ ಹಾಗೆ. ಆದರೆ ಇವರು ಇನ್ನು ಅದನ್ನು ಮುಟ್ಟುವವರಲ್ಲ, ನಾಳೆ ಬೆಳಿಗ್ಗೆ ಅದು ಹೊರಟೇ ಹೋಗುತ್ತದೆ. ಹೇಳಲೇಬೇಕು. ಹೇಳಬೇಕಾದರೆ ಕೈ ಅನ್ನುವ ಮಾತು ಆಡಲೇಬೇಕು.

ಇವರು ಮುಂದಿನ ಬಾಲ್ಕನಿಯ ಎಳೆಬಿಸಿಲಲ್ಲಿ ಕಡಲೇಕಾಯಿ ಸುಲಿಯುತ್ತಿದ್ದರು. ಬಾಟಲಿಯನ್ನು ತಲೆಕೆಳಗು ಮಾಡಿ ಹಿಡಿದೆ.

"ಏನಿದು?"

"ಕೊಬ್ಬರಿ ಎಣ್ಣೆ."

"ಬಿಸಿಲಿಗಿಡು, ಕರಗುತ್ತೆ."

"ನಿಮ್ಮ ಲೇತಿಗೂ ಇದನ್ನೇ ಬಿಟ್ಟಿದ್ದೆ. ದೀಪಾವಳಿಯಿಂದ."

ಸುಲಿಯುವುದು ನಿಂತಿತು.

"ಅದು ತಿರುಗದೇ ಇದ್ದದ್ದು ಎಣ್ಣೆ ಗಟ್ಟಿಯಾಗಿ, ರೀ. ನನ್ನ ಕೈಯಲ್ಲೂ ತಿರುಗಲಿಲ್ಲ. ನಿಮ್ಮ ಕೈಗೆ ಏನೂ ಆಗಿಲ್ಲ." ಬಾಟಲಿಯನ್ನು ನೆಟ್ಟಗೆ ಮಾಡಿದೆ. "ಅಂದ್ರೆ, ನಡುಗುತ್ತೆ, ಅಷ್ಟೆ. ಕಸುವು ಹೋಗಿಲ್ಲ."

"ಕೈ ವಿಷಯ ನಿನಗೆ ಯಾರು ಹೇಳಿದ್ರು?"

"ಯಾರು ಹೇಳಬೇಕು? ಒಂದೇ ಮನೇಲಿದ್ದೀವಲ್ಲ."

ಮಡಿಲಿನ ಸಿಪ್ಪೆಗಳನ್ನು ನೋಡುತ್ತಾ ಕೂತರು. ಅಳುತ್ತಾರೇನೋ ಅಂದುಕೊಂಡೆ. ತಲೆ ಎತ್ತಿದಾಗ ಮುಖ ಕೆಂಪಗಿತ್ತು.

"ಕೊಬ್ಬರಿ ಎಣ್ಣೆ! ಲೇತಿಗೆ! ಅದೇನು ಮದುಮಗನೇನೇ, ಅಭ್ಯಂಜನ ಮಾಡಿಸೋಕೆ? ಸೀಗೆಕಾಯಿ ಹಾಕಿ ಉಜ್ಜಲಿಲ್ವಾ? ಸಾಂಬ್ರಾಣಿ ಹೊಗೆ ಹಾಕಲಿಲ್ವಾ? ಆರತಿ ಒಂದು ಯಾಕೆ ಬಿಟ್ಟೆ?"

"ಆರತಿ ಆಯುಧಪೂಜೆಗೇ ಎತ್ತಿದ್ದೆ. ಗಂಟೆ ನೀವೇ ಬಾರಿಸಿದ್ರಿ."

ಕೆಳಗೆ ಭಾಟಿಯಾ ಮನೆಯ ಕಿಟಕಿ ತೆರೆದ ಸದ್ದಾಯಿತು. ಇವರು ನಗಲು ಶುರು ಮಾಡಿದರು. ಕೆಮ್ಮು ಬರುವವರೆಗೆ ನಕ್ಕರು. ಕಣ್ಣಲ್ಲಿ ನೀರು ಬಂತು, ಅದು ಯಾತಕ್ಕೆ ಬಂದದ್ದು ಅಂತ ನಾನು ಕೇಳಲಿಲ್ಲ. ಇಷ್ಟು ಬೈಸಿಕೊಂಡು ಇಷ್ಟು ಸುಖವಾಗಿ ನಾನು ಎಂದೂ ನಿಂತಿಲ್ಲ ಅಕ್ಕ.

ಸೊಸೈಟಿಯ ಜನರೇಟರ್ ನೋಡಿಕೊಳ್ಳುವವನ ಹತ್ತಿರ ಒಂದು ಬಾಟಲಿ ಡೀಸೆಲ್ ಈಸಿಕೊಂಡು ಬಂದೆ. ಧಾರಿಣಿ ಬಿಟ್ಟುಹೋಗಿದ್ದ ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಹಿಡಿದೆ, ಇವರು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರು. ಮನೆಯೆಲ್ಲ ಡೀಸೆಲ್ಲೂ ಕೊಬ್ಬರಿಯೂ ಸೇರಿದ ವಾಸನೆ, ಬಸ್ಸಿನಲ್ಲಿ ಯಾರೋ ಮಿಠಾಯಿ ಬಿಚ್ಚಿದ ಹಾಗೆ. ಎಲ್ಲ ಬಿಚ್ಚಿ, ಒರೆಸಿ, ಅಂಗಡಿಯ ಎಣ್ಣೆ ಬಿಟ್ಟು ಜೋಡಿಸಿದೆವು.

"ನೀನು ತಿರುಗಿಸು," ಅಂದರು.

"ಇಲ್ಲ. ನೀವೇ."

ಒಂದು ಬೆರಳಿಟ್ಟರು. ತಿರುಗಿತು. ಸುಮ್ಮನೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ, ಕೆಲಸವಿಲ್ಲದೆ, ತಿರುಗಿಸುತ್ತಲೇ ಇದ್ದರು.

ಡಿಸೆಂಬರ್ 28

ಧಾರಿಣಿಯ ಜೊತೆ ಕಾರ್ತಿಕೇಯ ಬಂದರು. ಸಣ್ಣ ರೈಲು ಎಂಜಿನ್ ಮಾಡುವ ಹುಚ್ಚಂತೆ, ಅಳತೆಪಟ್ಟಿ ಜೇಬಿನಲ್ಲೇ ಇತ್ತು. ಇವರು ಕೂರಿಸಿ, "ಕಾಫಿ ಕುಡೀರಿ. ಮಾರೋದಿಲ್ಲ. ಆದ್ರೆ ಬಂದಿದ್ದೀರಿ, ನಡೆಸಿ ತೋರಿಸ್ತೀನಿ" ಅಂದರು.

"ಅಪ್ಪಾ! ನೀವೇ ಹೇಳಿದ್ರಲ್ಲ! ಅಷ್ಟು ದೂರದಿಂದ ಅವರನ್ನ ಕರ್ಕೊಂಡು ಬಂದಿದ್ದೀನಿ, ಯೇ ಕ್ಯಾ ಬಾತ್ ಹುಯೀ?"

ಇವರು ಶಾಲು ತೆಗೆದಿಟ್ಟು, ತೋಳು ಮೇಲಕ್ಕೆ ಮಡಿಚಿ ನಿಂತರು. ಶಾಲಿನೊಳಗೆ ಮುಚ್ಚಿಡುತ್ತಿದ್ದ ಕೈ. ಹ್ಯಾಂಡಲ್ಲಿನ ಹತ್ತಿರ ಹೋಗುವಷ್ಟರಲ್ಲಿ ಅದು ಎಷ್ಟು ನಡುಗಿತೆಂದರೆ ಕಾರ್ತಿಕೇಯ ಬೇರೆ ಕಡೆ ನೋಡಿದರು. ಧಾರಿಣಿ ನೋಡುತ್ತಲೇ ಇದ್ದಳು.

"ಅಪ್ಪಾ, ನಿಮ್ಮ ಕೈ…"

"ನಡುಗುತ್ತೆ. ನಿಮ್ಮಮ್ಮನಿಗೆ ಗೊತ್ತು, ಈಗ ನಿನಗೂ ಗೊತ್ತಾಯ್ತು. ಕೈ ನೋಡಬೇಡ. ಅಲ್ಲಿ ನೋಡು."

ಹ್ಯಾಂಡಲ್ ಹಿಡಿದ ಬೆರಳು ಅದುರುತ್ತಿತ್ತು. ಉಳಿ ಅದುರಲಿಲ್ಲ. ಅರ್ಧಕ್ಕೆ ನಿಂತಿದ್ದ ಒಂಟೆಯ ಕುತ್ತಿಗೆ ನಿಧಾನವಾಗಿ, ನೀರಿನ ಮೇಲೆ ಗೆರೆ ಎಳೆದಷ್ಟು ನುಣುಪಾಗಿ ಇಳಿಯಿತು. ನಾನು ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ.

ಕಾರ್ತಿಕೇಯ ಅದನ್ನು ಬೆಳಕಿಗೆ ಹಿಡಿದು ನೋಡಿ, "ಸರ್, ಉಳಿ ಯಾರು ಮಸೆದದ್ದು?" ಅಂತ ಕೇಳಿದರು. ಧಾರಿಣಿ ಅಷ್ಟರಲ್ಲಿ ಅಳುತ್ತಿದ್ದಳು, ಅಳುತ್ತಾ ನನ್ನನ್ನು ಬೈಯುತ್ತಿದ್ದಳು, "ಚೆನ್ನಾಗಿದೆ ಅಂದ್ಯಲ್ಲ ಅಮ್ಮಾ, ನನ್ನ ಮುಖ ನೋಡ್ಕೊಂಡು!" ಬೈಸಿಕೊಂಡೆ. ಅವಳದು ಎರಡು ಷರತ್ತು. ಡಾಕ್ಟರಿಗೆ ತೋರಿಸಬೇಕು, ಇವರು ಒಬ್ಬರೇ ಇದ್ದಾಗ ಲೇತ್ ನಡೆಸಬಾರದು. ಒಪ್ಪಿದರು. ಇವರಿಗೆ ಕಾಫಿ ಲೋಟದ ತುಂಬ ಕೊಟ್ಟೆ, ಚೆಲ್ಲಿತು, ಒರೆಸಿದೆ.

ಜನವರಿ 9

ವೈಶಾಲಿಯಲ್ಲಿ ನರಗಳ ಡಾಕ್ಟರ್. ಚಿಕ್ಕ ವಯಸ್ಸಿನ ಹೆಂಗಸು. ಗೆರೆ ಎಳೆಸಿದಳು, ನೀರು ಬಗ್ಗಿಸಿ ಕುಡಿಸಿದಳು, ನಡೆಸಿದಳು. ಇವರು ಹೆದರಿದ್ದ ದೊಡ್ಡ ಕಾಯಿಲೆ ಅಲ್ಲವಂತೆ, ಅಪ್ಪನಿಂದ ಮಗನಿಗೆ ಬರುವ ನಡುಕದ ಒಂದು ಬಗೆ. ಪೂರಾ ಹೋಗುವುದಿಲ್ಲ. ಮಾತ್ರೆಯಿಂದ ಕಡಿಮೆಯಾಗಬಹುದು. ಲೇತಿನ ವಿಷಯ ಇವರೇ ಹೇಳಿದರು. ಅವಳು ಗಾಬರಿಯಾಗಿ, "ನಿಮ್ಮ ಜೊತೆ ಯಾರಿರ್ತಾರೆ?" ಅಂದಳು.

"ಇವಳು. ಅರ್ಧ ಕೆಲಸ ಇವಳದೇ."

ಸುಳ್ಳು. ನಾನು ಉಳಿ ಮಸೆಯುತ್ತೇನೆ, ಎಣ್ಣೆ ಬಿಡುತ್ತೇನೆ, ಬೆಲ್ಟು ನೋಡುತ್ತೇನೆ, ಇವರಿಗೆ ಸುಸ್ತಾದಾಗ ಒಂದೆರಡು ಕಾಲಾಳು ಮುಗಿಸಿಕೊಡುತ್ತೇನೆ. ಅಷ್ಟೆ.

"ನಡುಕ ಯಾವಾಗಿನಿಂದ?" ಅಂತ ಕೇಳಿದಳು. ಇವರು "ಒಂದಾರು ತಿಂಗಳು" ಅಂದರು.

"ಇಲ್ಲ ಡಾಕ್ಟರ್‌ಜೀ," ಅಂದೆ, "ಧಾರಿಣಿ ಹೊಸ ಮನೆಗೆ ಹೋದಾಗಿನಿಂದ, ಎರಡು ವರ್ಷದ ಮೇಲಾಯ್ತು. ಗೃಹಪ್ರವೇಶದ ದಿನ ಸೂಜಿಗೆ ದಾರ ಪೋಣಿಸಿಕೊಡಿ ಅಂತ ಕೊಟ್ಟೆ, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಪೋಣಿಸಿ ತಂದುಕೊಟ್ಟರು."

ಇವರು ನನ್ನ ಕಡೆ ತಿರುಗಿದ ಮುಖ ಇನ್ನೂ ಕಣ್ಣ ಮುಂದಿದೆ. ಮೆಟ್ಟಿಲಿಳಿಯುವಾಗ ಕೇಳಿದರು, "ಆಗಿನಿಂದ ಗೊತ್ತಿತ್ತಾ?"

"ಹೂಂ."

"ಮತ್ತೆ ಯಾಕೆ ಸುಮ್ಮನಿದ್ದೆ?"

"ನೀವು ಬಾಗಿಲು ಹಾಕಿಕೊಂಡಿದ್ರಲ್ಲ."

ಕೆಳಗೆ ಒಂದು ಹಾರ್ಡ್‌ವೇರ್ ಅಂಗಡಿಯಿತ್ತು. ನನ್ನನ್ನು ಅದರ ಬಾಗಿಲಲ್ಲೇ ನಿಲ್ಲಿಸಿ ಒಳಗೆ ಹೋದರು, ಹಿತ್ತಾಳೆ ಚೂರು ಕಣ್ಣಿಗೆ ಬೀಳದ ಹಾಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಕನ್ನಡಕ ಕೇಳಿದರು. "ಅಂಕಲ್‌ಜೀ, ನಿಮ್ಮ ಅಳತೆದಾ?" ಅಂದ ಅಂಗಡಿಯವನು.

"ನನ್ನ ಹತ್ರ ಇದೆ ಭಯ್ಯಾ. ಇದು ಮೇಡಂಗೆ. ಅವರದೇ ಅಳತೆ ನೋಡು."

ನನಗೆ ಯಾಕೆ ಅಕ್ಕ ಇದೆಲ್ಲ, ದಂಡ! ಮೂಗಿನ ಮೇಲೆ ಬಿಗಿ, ಕಿವಿ ಹಿಂದೆ ಒತ್ತುತ್ತದೆ. ನನ್ನ ಓದುವ ಕನ್ನಡಕದ ಮೇಲೇ ಕೂರುತ್ತದೆ, ನಿಜ. ಒಂಟೆಗೆ ಜೋಡಿ ಕಡೆಯಬೇಕು ಅಂತ ಬಂದವಳೇ ಹಾಕಿಕೊಂಡೆ, ಈಗ ಊಟವೂ ಆಯಿತು, ಇಷ್ಟು ಬರೆದದ್ದೂ ಆಯಿತು, ಇನ್ನೂ ತೆಗೆದಿಲ್ಲ.